ಮೊದಲನೆಯದೋ, ಎರಡನೆಯದೋ

ಫೆಬ್ರುವರಿ 3, ಸೋಮವಾರ

ನಿಂಬೆಸಿಪ್ಪೆ: ಇಲ್ಲ. ಲವಂಗ: ಇಲ್ಲ. ಕಾಫಿಪುಡಿ: ಇಲ್ಲ.

ದಿನಾ ಬೆಳಿಗ್ಗೆ ಈ ಮೂರನ್ನೂ ಮೂಸಿ, ಏನಾದರೂ ತಿಳಿಯಿತೇ ಎಂದು ಬರೆದಿಡಲು ಮೂಗಿನ ಡಾಕ್ಟರು ಹೇಳಿದ್ದಾರೆ. ಹಾಗಾಗಿ ಚಾಳೀಸು ಬರುವ ವಯಸ್ಸಿನಲ್ಲಿ ನನಗೆ ಡೈರಿ ಬರೆಯುವ ಯೋಗ. ಲೆನ್ಸ್ ಕಂಪನಿಯವರು ನಮ್ಮ ಕನ್ನಡಕದಂಗಡಿಗೆ ಕೊಟ್ಟ ಡೈರಿ ಇದು. ಪ್ರತಿ ಪುಟದ ತಲೆಯಲ್ಲೂ ಒಂದು ಕನ್ನಡಕ ಕೂತು ನನ್ನನ್ನೇ ನೋಡುತ್ತಿದೆ.

ಡಿಸೆಂಬರಿನಲ್ಲಿ ಬಂದ ಜ್ವರ ಹೋಗುವಾಗ ನನ್ನ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ವಾಸನೆ ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಡಾಕ್ಟರು, ಕೆಲವರಿಗೆ ವಾರಗಳಲ್ಲಿ ಬರುತ್ತೆ, ಕೆಲವರಿಗೆ ವರ್ಷ ಹಿಡಿಯುತ್ತೆ, ಕೆಲವರಿಗೆ ಎಂದು ಶುರುಮಾಡಿ ಪೆನ್ನಿನ ಮುಚ್ಚಳ ಹಾಕಿದರು. ದಿನಾ ಜನರ ಕಣ್ಣು ಪರೀಕ್ಷೆ ಮಾಡುವವಳು ನಾನು. ಮಾತನ್ನು ಅರ್ಧಕ್ಕೆ ನಿಲ್ಲಿಸುವುದು ಯಾವಾಗ ಎಂದು ನನಗೂ ಗೊತ್ತು.

ಇವತ್ತು ಹಾಲು ಸೀದುಹೋಯಿತು. ನಾನು ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಚುತ್ತಿದ್ದೆ. ಮನೆ ತುಂಬ ಹೊಗೆ, ಪಾತ್ರೆಯ ತಳ ಕಪ್ಪು ಹೆಂಚು, ಪಕ್ಕದ ಮನೆಯಾಕೆ ಬಂದು ಬಾಗಿಲು ಬಡಿಯುವವರೆಗೂ ನನಗೆ ಗೊತ್ತೇ ಇಲ್ಲ. ಸಂಜೆ ಇವರು ಬಂದು ಪಾತ್ರೆ ನೋಡಿದರು, ನನ್ನನ್ನು ನೋಡಿದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂಗು ಸರಿಹೋಗುವವರೆಗೂ ನೀನೊಬ್ಬಳೇ ಇದ್ದಾಗ ಒಲೆ ಹಚ್ಚುವುದು ಬೇಡ, ಗ್ಯಾಸ್ ಸೋರಿದರೂ ನಿನಗೆ ತಿಳಿಯಲ್ಲ ಎಂದರು. ಅಡುಗೆಮನೆಗೆ ತಮ್ಮ ಅಮ್ಮನನ್ನು ಕರೆಸುತ್ತಾರಂತೆ.

ಫೆಬ್ರುವರಿ 5, ಬುಧವಾರ

ಮೂರೂ ಇಲ್ಲ.

ಅತ್ತೆಯವರು ಬಂದರು. ಒಂದು ಸೂಟ್‌ಕೇಸ್, ಒಂದು ಊರುಗೋಲು, ಮಂಡಿಗೆ ಹಚ್ಚುವ ಎಣ್ಣೆಯ ಒಂದು ದೊಡ್ಡ ಸೀಸೆ. ಆ ಎಣ್ಣೆ ಅದೆಷ್ಟು ನಾರುತ್ತದೋ, ಲಿಫ್ಟ್ ರಿಪೇರಿ ಮಾಡಿಕೊಂಡು ದಿನವಿಡೀ ಗ್ರೀಸಿನಲ್ಲಿ ಮುಳುಗೇಳುವ ಇವರೇ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಾರೆ. ಸುಟ್ಟ ರಬ್ಬರಿನ ವಾಸನೆಯಂತೆ. ನೀನೇ ಪುಣ್ಯವಂತೆ ಎಂದು ನನ್ನನ್ನು ನೋಡಿ ನಕ್ಕರು. ನಾನು ಸೀಸೆಯ ಬಾಯಿಗೇ ಮೂಗಿಟ್ಟು ನೋಡಿದೆ. ತಣ್ಣನೆ ಗಾಜು, ಅಷ್ಟೇ.

ಅತ್ತೆಯವರು ಬಂದ ಅರ್ಧ ಗಂಟೆಯೊಳಗೆ ಡಬ್ಬಗಳ ಜಾಗ ಬದಲಾಯಿಸಿದರು. ಉಪ್ಪು ಕೈಗೆ ಸಿಗುವಲ್ಲಿರಬೇಕಂತೆ. ಹದಿನೆಂಟು ವರ್ಷ ನನ್ನ ಕೈಗೆ ಸಿಗುತ್ತಲೇ ಇತ್ತು, ಹೇಳಲಿಲ್ಲ. ಈ ಹೆಂಗಸಿನ ಹತ್ತಿರ ನಾನು ಇಲ್ಲಿಯವರೆಗೆ ಒಂದೇ ಒಂದು ಸಲವೂ ಚೆನ್ನಾಗಿದೆ ಎನ್ನಿಸಿಕೊಂಡಿಲ್ಲ. ತಿಂದು, ಬಾಯಿ ಒರೆಸಿ, ಇನ್ನೊಂದು ಕುದಿ ಬರಬೇಕಿತ್ತು ಎನ್ನುವುದೇ ಅವರ ಪದ್ಧತಿ. ಬೇಗ ಮೂಗು ಬರಲಿ, ಬೇಗ ಅವರು ಹೊರಡಲಿ.

ಫೆಬ್ರುವರಿ 9, ಭಾನುವಾರ

ಟೀಚರ್ ಫೋನ್ ಮಾಡಿದ್ದಳು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ನಾಲ್ವರು ನಾವು: ಟೀಚರ್, ವಕೀಲೆ, ಡುಮ್ಮಿ, ನಾನು. ಡುಮ್ಮಿ ಈಗ ಕಡ್ಡಿಯಾಗಿದ್ದಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ವರ್ಷಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಮನೆಯವಳು ಒಂದು ತಿನಿಸನ್ನಾದರೂ ತನ್ನ ಕೈಯಾರೆ ಮಾಡಬೇಕು, ಅದೊಂದೇ ನಿಯಮ. ಈ ವರ್ಷ ನನ್ನ ಸರದಿ, ಇಪ್ಪತ್ತಮೂರಕ್ಕೆ. ನಿನ್ನ ಕೈರುಚಿಗೆ ಕಾಯುತ್ತಿದ್ದೇವೆ ಕಣೆ ಎಂದಳು. ಹ್ಞೂ ಎಂದುಬಿಟ್ಟೆ.

ಮೂಗಿನ ವಿಷಯ ಅವರಿಗೆ ಗೊತ್ತಿಲ್ಲ. ಹೇಳಿದರೆ ಅಯ್ಯೋ ಪಾಪ ಎಂದು ಶುರುಮಾಡುತ್ತಾರೆ, ನನಗೆ ಅದು ಬೇಡ. ಇವರು, ಬೇಕರಿಯಿಂದ ತರಿಸಿದರಾಯಿತು ಬಿಡು ಎಂದರು. ಆಗಲೇ ನನಗೆ ಹೆದರಿಕೆಯಾಯಿತು. ಈ ಸಲ ಬೇಕರಿಯಿಂದ ತರಿಸಿದರೆ ಮುಂದಿನ ಸಲವೂ ತರಿಸುತ್ತೇನೆ. ಆಮೇಲೆ ಅಡುಗೆಮನೆಯಲ್ಲಿ ನಾನು ನೀರು ಕುಡಿಯಲು ಬಂದುಹೋಗುವವಳು. ಅದು ಬೇಡ. ಮೂಗಿಲ್ಲದಿದ್ದರೂ ನನ್ನ ಕೈಯಿಂದ ನಾಲ್ಕು ಜನರಿಗೆ ಏನಾದರೂ ಕೊಡಬಲ್ಲೆನೇ ಎಂದು ಈ ಇಪ್ಪತ್ತಮೂರಕ್ಕೆ ನೋಡಿಯೇಬಿಡಬೇಕು.

ಅದಿರಲಿ, ಈ ಕೈರುಚಿ ಎನ್ನುವುದು ಎಲ್ಲಿರುತ್ತದೆ? ಕೈಯಲ್ಲೋ, ನಾಲಿಗೆಯಲ್ಲೋ, ಮೂಗಿನಲ್ಲೋ? ಡಾಕ್ಟರು ಹೇಳುವ ಪ್ರಕಾರ ನಾಲಿಗೆಗೆ ತಿಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ ಇಂಥ ನಾಲ್ಕೈದು ಮಾತ್ರ, ಮಿಕ್ಕ ಕಾರುಬಾರೆಲ್ಲ ಮೂಗಿನದು. ನಿಜವಿರಬೇಕು. ಈಗ ನನಗೆ ಸೇಬು ಎಂದರೆ ಸಿಹಿಯಾದ ಆಲೂಗಡ್ಡೆ.

ಫೆಬ್ರುವರಿ 10, ಸೋಮವಾರ

ಲವಂಗ ಇಲ್ಲ, ಮಿಕ್ಕಿದ್ದೂ ಇಲ್ಲ.

ಅಂಗಡಿಯಲ್ಲಿ ಮಧ್ಯಾಹ್ನ ಗಿರಾಕಿ ಇರಲಿಲ್ಲ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡಿದರೆ ಹಿಂಭಾಗದಲ್ಲಿ ಒಂದು ಡಿಪ್ ಮಾಡುವ ವಿಧಾನ. ಒಲೆ ಬೇಡ, ಬೇಯಿಸುವುದು ಬೇಡ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಮೊಸರು, ತುರಿದ ಸೌತೆಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ, ಮೆಣಸಿನಪುಡಿ, ನಿಂಬೆರಸ. ಎಲ್ಲ ಕಲಸಿ, ಬಿಸ್ಕತ್ತೋ ಕ್ಯಾರೆಟ್ ತುಂಡೋ ಅದ್ದಿ ತಿನ್ನುವುದು. ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ಮಾಡಬಹುದು ಎಂದು ಬರೆದಿದ್ದಾರೆ. ಯಾರು ಬೇಕಾದರೂ ಎಂದರೆ ನಾನೂ ಬಂದೆನಲ್ಲ. ಪೊಟ್ಟಣವನ್ನು ಕತ್ತರಿಸಿ ತಂದೆ.

ಫೆಬ್ರುವರಿ 11, ಮಂಗಳವಾರ

ನಿನ್ನೆಯೇ ಮೊಸರನ್ನು ತೆಳು ಬಟ್ಟೆಯಲ್ಲಿ ಗಂಟುಕಟ್ಟಿ ಸಿಂಕಿನ ನಲ್ಲಿಗೆ ನೇತುಹಾಕಿದ್ದೆ. ಬೆಳಿಗ್ಗೆ ಅತ್ತೆಯವರು ಅದನ್ನು ನೋಡಿ, ನಲ್ಲಿಗೇನು ಗಾಯವಾಗಿದೆಯೇ ಎಂದರು. ಕೆಳಗಿಟ್ಟ ಪಾತ್ರೆಯಲ್ಲಿ ಹಸಿರು ಛಾಯೆಯ ತಿಳಿನೀರು. ಅಷ್ಟು ನೀರು ಅದರೊಳಗೆ ಎಲ್ಲಿತ್ತು? ಮೊಸರು ನೋಡಲು ಒಂದೇ ಮುದ್ದೆ, ಒಳಗೆ ಅರ್ಧಕ್ಕರ್ಧ ನೀರು. ಬಟ್ಟೆ ಬಿಚ್ಚಿದರೆ ಬೆಣ್ಣೆಯಂಥ ಗಟ್ಟಿ, ಮೇಲೆ ಬಟ್ಟೆಯ ನೇಯ್ಗೆಯ ಅಚ್ಚು. ಚಮಚ ನೆಟ್ಟರೆ ನೆಟ್ಟಗೆ ನಿಂತಿತು. ನನಗೆ ಮೊಸರಿನ ಮೇಲೆ ಗೌರವ ಬಂತು.

ಸೌತೆಕಾಯಿ ತುರಿದು ಹಾಕಿ, ಉಪ್ಪು ಬೆರೆಸಿ, ಎಲ್ಲ ಕಲಸಿಟ್ಟೆ. ಅಂಗಡಿಯಿಂದ ಬಂದು ನೋಡಿದರೆ ಗಟ್ಟಿ ಹೋಗಿ ಗಂಜಿ. ಇವರು ಒಂದು ಚಮಚ ಬಾಯಿಗೆ ಹಾಕಿಕೊಂಡು ಸೂಪರ್ ಎಂದರು. ಮಿಕ್ಕಿದ್ದು ಹಾಗೇ ಉಳಿಯಿತು. ಈ ಎರಡು ತಿಂಗಳಿಂದ ಇವರು ಎಲ್ಲದಕ್ಕೂ ಸೂಪರ್ ಎನ್ನುತ್ತಿದ್ದಾರೆ, ಪಾತ್ರೆಯಲ್ಲಿ ಮಾತ್ರ ಎಲ್ಲವೂ ಉಳಿಯುತ್ತಿದೆ. ಅತ್ತೆಯವರನ್ನು ಕೇಳುವ ಧೈರ್ಯವಾಗಲಿಲ್ಲ.

ಫೆಬ್ರುವರಿ 13, ಗುರುವಾರ

ಮೂರೂ ಇಲ್ಲ. ಆದರೆ ಒಂದು ಉಪಾಯ ಹೊಳೆದಿದೆ.

ಕಣ್ಣು ಪರೀಕ್ಷೆಯಲ್ಲಿ ಹೇಗಿದೆ ಎಂದು ಯಾರನ್ನೂ ಕೇಳಬಾರದು. ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಎರಡು ಲೆನ್ಸ್ ಒಂದರ ಹಿಂದೆ ಒಂದು ತೋರಿಸಿ, ಮೊದಲನೆಯದೋ, ಎರಡನೆಯದೋ ಎಂದು ಕೇಳಬೇಕು. ಹಾಗೆ ಒಂದೊಂದೇ ಮೆಟ್ಟಿಲು ಇಳಿದರೆ ನಂಬರು ತಾನಾಗಿ ಸಿಗುತ್ತದೆ. ರುಚಿಗೂ ಒಂದು ನಂಬರು ಇರಬೇಕಲ್ಲ?

ಹಾಗೆಯೇ ಇನ್ನೊಂದು ಕಳ್ಳಪಟ್ಟು ಇದೆ. ಒಂದೇ ಲೆನ್ಸನ್ನು ತೆಗೆದಂತೆ ಮಾಡಿ, ಅದನ್ನೇ ಮತ್ತೆ ಹಾಕಿ, ಈಗ ಹೇಗೆ ಎಂದು ಕೇಳುತ್ತೇನೆ. ಈಗ ಇನ್ನೂ ಚೆನ್ನಾಗಿದೆ ಎಂದರೆ ಮುಗಿಯಿತು, ಆ ಮನುಷ್ಯ ನನ್ನ ಮನಸ್ಸು ನೋಯಬಾರದೆಂದು ಉತ್ತರ ಕೊಡುತ್ತಿದ್ದಾನೆ. ಅವನ ಬಾಯಿಂದ ನಂಬರು ಹೊರಡುವುದಿಲ್ಲ, ಬೇರೆ ದಾರಿ ನೋಡಬೇಕು.

ಇವತ್ತು ಸಂಜೆ ಒಂದೇ ಬಟ್ಟಲಿನಿಂದ ಎರಡು ಚಮಚ ತುಂಬಿ ಇವರ ಮುಂದೆ ಹಿಡಿದೆ. ಮೊದಲನೆಯದು ಪರವಾಗಿಲ್ಲ, ಎರಡನೆಯದು ಸೂಪರ್ ಎಂದರು. ಸಿಕ್ಕಿಬಿದ್ದರು. ನಗು ಬಂತು. ಎರಡು ತಿಂಗಳಿಂದ ಈ ಮನುಷ್ಯ ನನಗಾಗಿ ಏನೇನನ್ನು ಸೂಪರ್ ಎಂದು ನುಂಗಿದ್ದಾರೋ.

ಮತ್ತೆರಡು ಚಮಚ ತುಂಬಿ ಅತ್ತೆಯವರ ಹತ್ತಿರ ಹೋದೆ. ಮೊದಲನೆಯದನ್ನು ನೆಕ್ಕಿದರು, ಎರಡನೆಯದನ್ನು ನೆಕ್ಕಿದರು, ನನ್ನ ಮುಖ ನೋಡಿದರು.

"ಎರಡೂ ಒಂದೇ. ಎರಡೂ ಚೆನ್ನಾಗಿಲ್ಲ. ನನ್ನನ್ನೇನು ಪರೀಕ್ಷೆ ಮಾಡ್ತಿದ್ದೀಯಾ?"

ಹದಿನೆಂಟು ವರ್ಷದಲ್ಲಿ ಈ ಹೆಂಗಸಿನ ಮಾತು ಕೇಳಿ ನನಗೆ ಇಷ್ಟು ಖುಷಿಯಾದದ್ದು ಇದೇ ಮೊದಲು.

ಫೆಬ್ರುವರಿ 15, ಶನಿವಾರ

ಅತ್ತೆಯವರಿಗೆ ಎಲ್ಲ ಬಿಡಿಸಿ ಹೇಳಿದೆ, ಗೆಳತಿಯರ ವಿಷಯ, ಚಮಚದ ವಿಷಯ, ಲೆನ್ಸಿನ ವಿಷಯ. ಊರುಗೋಲು ಗೋಡೆಗೆ ಒರಗಿಸಿ, ಕುರ್ಚಿ ಎಳೆದುಕೊಂಡು ಅಡುಗೆಮನೆಯಲ್ಲಿ ಕೂತರು. ತಾ ನೋಡೋಣ ಎಂದರು.

ಸೌತೆಕಾಯಿ ನೀರು ಬಿಡುವುದಕ್ಕೆ ಮದ್ದು ಅವರೇ ತೋರಿಸಿದರು. ತುರಿದು, ಉಪ್ಪು ಹಚ್ಚಿ ಬಿಡಬೇಕು, ಅದು ಬೆವರುತ್ತದೆ. ಬೆವರಿದ ಮೇಲೆ ಅಂಗೈಯಲ್ಲಿಟ್ಟು ಹಿಂಡಿ ಆಮೇಲೆ ಮೊಸರಿಗೆ ಹಾಕಬೇಕು. ಅವರು ಹಿಂಡಿದರೆ ನನಗಿಂತ ಇಮ್ಮಡಿ ನೀರು ಬಂತು. ಆ ಸಣಕಲು ಕೈಯಲ್ಲಿ ಅಷ್ಟು ಕಸುವು ಎಲ್ಲಿಂದ ಬಂತೋ. ಕೇಳಿದೆ. ಮದುವೆಗೆ ಮುಂಚೆ ಹೊಲಿಗೆ ಕಾರ್ಖಾನೆಯಲ್ಲಿ ದಪ್ಪ ಬಟ್ಟೆ ಕತ್ತರಿಸುವ ಕೆಲಸ ಮಾಡುತ್ತಿದ್ದರಂತೆ, ದೊಡ್ಡ ಕತ್ತರಿಯಲ್ಲಿ, ನಿಂತುಕೊಂಡೇ. ಮಂಡಿನೋವು ಅಲ್ಲಿಂದ ಬಂದದ್ದು. ಇಷ್ಟು ವರ್ಷದಲ್ಲಿ ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಇವತ್ತು ಉಪ್ಪು ಮತ್ತು ಹುಳಿಯ ನಂಬರು ಸಿಕ್ಕಿತು. ಮೆಣಸಿನಪುಡಿಯ ಬಳಿ ಬಂದಾಗ ಅವರಿಗೆ ಸೀನು ಹತ್ತಿತು, ಅಲ್ಲಿಗೆ ನಿಲ್ಲಿಸಿದೆವು.

ಫೆಬ್ರುವರಿ 18, ಮಂಗಳವಾರ

ಬೆಳ್ಳುಳ್ಳಿಯೇ ಕಷ್ಟ. ಉಪ್ಪನ್ನಾದರೆ ನನ್ನ ನಾಲಿಗೆ ಅಷ್ಟಿಷ್ಟು ಹಿಡಿಯುತ್ತದೆ. ಬೆಳ್ಳುಳ್ಳಿ ಪೂರ್ತಿ ಮೂಗಿನ ಪದಾರ್ಥ, ನನ್ನ ಮಟ್ಟಿಗೆ ಅದು ಬಿಳಿ ಕಲ್ಲು. ಒಂದು ಎಸಳು ತುರಿದದ್ದು, ಎರಡು ಎಸಳು ತುರಿದದ್ದು, ಅರ್ಧ ಎಸಳು ತುರಿದದ್ದು, ಮೂರು ಬಟ್ಟಲು ಕಲಸಿ ಕಲಸಿದ ಹಾಗೇ ಅತ್ತೆಗೆ ಕೊಟ್ಟೆ. ಮೊದಲನೆಯದೋ, ಎರಡನೆಯದೋ? ಎರಡನೆಯದು. ಎರಡನೆಯದೋ, ಮೂರನೆಯದೋ? ಎರಡನೆಯದು. ಎರಡು ಎಸಳು ಎಂದು ತೀರ್ಮಾನವಾಯಿತು.

ಬೆಳ್ಳುಳ್ಳಿ ಹೇಗಿರುತ್ತದೆ, ಸ್ವಲ್ಪ ಹೇಳಿ ಎಂದೆ. ಬೆಳ್ಳುಳ್ಳಿ ಬೆಳ್ಳುಳ್ಳಿಯ ಹಾಗೇ ಇರುತ್ತೆ ಎಂದರು. ನಾನು ಬಿಡಲಿಲ್ಲ. ಕೊನೆಗೆ, ಬೇಡ ಅಂದ್ರೂ ಮನೆಗೆ ಬಂದು, ಬಂದಮೇಲೆ ಇಷ್ಟವಾಗೋ ನೆಂಟರ ಹಾಗೆ ಎಂದರು. ಹಾಗಾದರೆ ನಿಮ್ಮ ಹಾಗೆ ಎಂದು ಬಾಯಿತುದಿಗೆ ಬಂದಿತ್ತು, ನುಂಗಿಕೊಂಡೆ. ಅವರಿಗೆ ಗೊತ್ತಾಯಿತೆಂದು ಕಾಣುತ್ತದೆ, ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

ಬೆಳಿಗ್ಗೆ ಲವಂಗ ಮೂಸಿದೆನೋ ಇಲ್ಲವೋ ನೆನಪಿಲ್ಲ.

ಫೆಬ್ರುವರಿ 22, ಶನಿವಾರ

ನಾಳೆ ಬರುತ್ತಾರೆ. ಸಂಜೆ ನಾನೇ ಮಾರುಕಟ್ಟೆಗೆ ಹೋಗಿ ಸೊಪ್ಪು ಆರಿಸಿದೆ. ಕೊತ್ತಂಬರಿಯ ಒಂದು ಕಟ್ಟನ್ನು ಕೈಗೆತ್ತಿಕೊಂಡೆ, ಯಾಕೋ ಸರಿಯಿಲ್ಲ ಅನ್ನಿಸಿ ಕೆಳಗಿಟ್ಟೆ. ಎಲೆಯೆಲ್ಲ ಹಸಿರಾಗಿಯೇ ಇತ್ತು. ಸೊಪ್ಪಿನವಳಿಗೆ ಸಿಟ್ಟು ಬಂದು ದಾರ ಬಿಚ್ಚಿ ತೋರಿಸಿದಳು, ನೋಡಿದರೆ ಒಳಗೆ ಕಡ್ಡಿಯೆಲ್ಲ ಕೊಳೆತು ಲೋಳೆಯಾಗಿದೆ. ಅವಳೇ ಬೆಪ್ಪಾದಳು. ಕಣ್ಣಿನ ಕೆಲಸದವಳು ನಾನು, ಕಟ್ಟಿನ ಮೇಲಿಂದಲೇ ತಿಳಿಯುತ್ತದೆ ಎಂದು ಜಂಬ ಕೊಚ್ಚಿಕೊಂಡು ಬಂದೆ.

ಮೊಸರು ನೇತುಬಿದ್ದಿದೆ. ಅತ್ತೆ ಅದರ ತಿಳಿನೀರನ್ನು ಚೆಲ್ಲಲು ಬಿಡುವುದಿಲ್ಲ, ಉಪ್ಪು ಹಾಕಿಕೊಂಡು ಕುಡಿಯುತ್ತಾರೆ. ನಾನೂ ಕುಡಿದೆ. ಕೆಟ್ಟದೇನಿಲ್ಲ.

ಫೆಬ್ರುವರಿ 23, ಭಾನುವಾರ

ಎಲ್ಲ ಮುಗಿಯಿತು. ಗೆಳತಿಯರು ಈಗಷ್ಟೇ ಹೊರಟರು, ಇನ್ನೂ ಪೂರ್ತಿ ಕತ್ತಲಾಗಿಲ್ಲ. ನೆನಪಿರುವಾಗಲೇ ಬರೆದುಬಿಡುತ್ತೇನೆ.

ಬೆಳಿಗ್ಗೆಯೇ ಎಡವಟ್ಟು. ಅತ್ತೆ ಕಾಫಿಯನ್ನು ಆರಲು ಬಿಡದೆ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಂಡರು. ಸಾಮಾನ್ಯ ಸುಟ್ಟದ್ದಲ್ಲ, ತುದಿಯೆಲ್ಲ ಕೆಂಪು. ಇನ್ನೆರಡು ದಿನ ನನಗೆ ಮಣ್ಣೂ ಒಂದೇ, ಮೊಸರೂ ಒಂದೇ ಎಂದು ಮುಖ ಚಿಕ್ಕದು ಮಾಡಿಕೊಂಡು ಕೂತರು. ಮನೆಯಲ್ಲಿ ಈಗ ಮೂಗಿಲ್ಲದವಳೊಬ್ಬಳು, ನಾಲಿಗೆಯಿಲ್ಲದವರೊಬ್ಬರು, ನಿಜ ಹೇಳಲಾಗದವರೊಬ್ಬರು. ನಾನು ನಗಲು ಶುರುಮಾಡಿದೆ, ನಿಲ್ಲಿಸಲಾಗಲಿಲ್ಲ.

ಎಲ್ಲವನ್ನೂ ನಾನೊಬ್ಬಳೇ ಕಲಸಿದೆ. ಮೊಸರಿನಲ್ಲಿ ಚಮಚ ನಿಂತಿತು. ಸೌತೆಕಾಯಿಯನ್ನು ಕೈಯಿಂದ ನೀರು ತೊಟ್ಟಿಕ್ಕುವುದು ನಿಲ್ಲುವವರೆಗೂ ಹಿಂಡಿದೆ. ಉಪ್ಪು, ನಿಂಬೆ, ಮೆಣಸಿನಪುಡಿ ಸಿಕ್ಕಿದ ನಂಬರಿನ ಪ್ರಕಾರ. ಬೆಳ್ಳುಳ್ಳಿ ಎರಡು ಎಸಳು. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. ಮಧ್ಯಾಹ್ನ ಒಮ್ಮೆ ಫ್ರಿಜ್ ತೆಗೆದವಳಿಗೆ ಯಾಕೋ ಒಂಥರಾ ಆಯಿತು, ಮುಚ್ಚಿಬಿಟ್ಟೆ. ಗಾಬರಿಯಿರಬೇಕು.

ಸಂಜೆ ನಾಲ್ಕಕ್ಕೇ ಮೂವರೂ ಬಂದರು. ಅಪ್ಪುಗೆ, ಗದ್ದಲ, ಡುಮ್ಮಿಯ ಹೊಸ ಕನ್ನಡಕದ ಬಗ್ಗೆ ಪಂಚಾಯಿತಿ. ನಾನು ಬಟ್ಟಲನ್ನು ಮಧ್ಯದಲ್ಲಿಟ್ಟು, ಸುತ್ತ ಕ್ಯಾರೆಟ್ ತುಂಡು, ಬಿಸ್ಕತ್ತು ಜೋಡಿಸಿ, ಕೈಕಟ್ಟಿ ನಿಂತೆ. ಡುಮ್ಮಿ ಅದ್ದಿ ತಿಂದು ಚೆನ್ನಾಗಿದೆ ಕಣೆ ಎಂದಳು. ವಕೀಲೆ ಬಹಳ ಚೆನ್ನಾಗಿದೆ ಎಂದಳು. ಇಬ್ಬರೂ ಎರಡನೆಯ ಸಲ ಕೈ ಹಾಕಲಿಲ್ಲ. ನನ್ನ ಕಣ್ಣು ಅಷ್ಟನ್ನು ಬಿಡುತ್ತದೆಯೇ? ಇನ್ನು ಜನ್ಮದಲ್ಲಿ ನನಗೆ ನಿಜ ಗೊತ್ತಾಗುವುದಿಲ್ಲ ಅನ್ನಿಸಿತು.

ಟೀಚರ್ ಒಂದು ತುಂಡು ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಒಂದು ಲೋಟ ನೀರು ಪೂರ್ತಿ ಕುಡಿದು ಕೆಳಗಿಟ್ಟಳು.

"ಬೆಳ್ಳುಳ್ಳಿ ಸ್ವಲ್ಪ ಜಾಸ್ತಿಯಾಗಿದೆ ಕಣೆ. ಸ್ವಲ್ಪ ಅಂದ್ರೆ, ಸ್ವಲ್ಪ ಅಲ್ಲ."

ವಕೀಲೆ ಅವಳ ಕಾಲು ತುಳಿದದ್ದು ಮೇಜಿನ ಈಚೆಯಿಂದಲೇ ನನಗೆ ಕಾಣಿಸಿತು. ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ಬೇರೆಯೇ. ಹೋಗಿ ಟೀಚರನ್ನು ಗಟ್ಟಿಯಾಗಿ ತಬ್ಬಿಕೊಂಡೆ.

"ನನಗೆ ವಾಸನೆ ಬರಲ್ಲ ಕಣೆ. ಎರಡು ತಿಂಗಳಾಯ್ತು. ನೀನು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ಆಮೇಲೆ ಎಲ್ಲ ಹೇಳಿದೆ. ಜ್ವರ, ಸೀದ ಹಾಲು, ಒಲೆಯ ಕಟ್ಟುಪಾಡು, ಮೂರು ಬಟ್ಟಲು. ಯಾರೂ ಅಯ್ಯೋ ಪಾಪ ಎನ್ನಲಿಲ್ಲ. ವಕೀಲೆ, ಹಾಗಾದ್ರೆ ನಾನು ಸುಳ್ಳು ಸಾಕ್ಷಿ ಹೇಳಿದೆ ಎಂದು ಕೆನ್ನೆಗೆ ಹೊಡೆದುಕೊಂಡಳು. ಆಗ ಅತ್ತೆ ಒಳಗಿನಿಂದ ಊರುಗೋಲು ಕುಟ್ಟುತ್ತ ಬಂದರು, ಸುಟ್ಟ ನಾಲಿಗೆಯಲ್ಲೇ ತೊದಲುತ್ತ ತಪ್ಪು ತಮ್ಮದೆಂದರು. ಅವರು ರುಚಿ ನೋಡಿದ್ದು ಕಲಸಿದ ತಕ್ಷಣ. ಹಸಿ ಬೆಳ್ಳುಳ್ಳಿ ತುರಿದಿಟ್ಟಷ್ಟು ಹೊತ್ತು ಖಾರವೇರುತ್ತ ಹೋಗುತ್ತದೆ, ಅದನ್ನು ನನಗೆ ಹೇಳಲು ಮರೆತರಂತೆ. ನಾನು ಬೆಳಿಗ್ಗೆಯೇ ಹಾಕಿಟ್ಟಿದ್ದೆ.

ಅಬ್ಬಾ, ಅದೆಂಥ ವಿಚಿತ್ರ. ಸುಮ್ಮನೆ ಬಟ್ಟಲಲ್ಲಿ ಕೂತೇ ಜೋರಾಗುವುದು ಹೇಗೆ? ನಾನು ಲೆನ್ಸನ್ನು ಬೆಳಿಗ್ಗೆ ತೋರಿಸಿ ಕನ್ನಡಕವನ್ನು ಸಂಜೆ ಹಾಕಿಸಿದ ಹಾಗಾಯಿತು.

ಮಿಕ್ಕ ಗಟ್ಟಿ ಮೊಸರನ್ನು ಅತ್ತೆ ತಂದರು. ಗೆಳತಿಯರು ಸಾಲಾಗಿ ಕೂತರು, ನಾನು ಎರಡೂ ಕೈಯಲ್ಲಿ ಚಮಚ ಹಿಡಿದೆ. ಹಳೆಯದಕ್ಕೆ ಹೊಸ ಮೊಸರು ಒಂದು ಚಮಚ ಬೆರೆಸಿದ್ದು, ಎರಡು ಚಮಚ ಬೆರೆಸಿದ್ದು. ಮೊದಲನೆಯದೋ, ಎರಡನೆಯದೋ? ಮೂವರೂ ಶಾಲೆಯ ಮಕ್ಕಳ ಹಾಗೆ ಒಟ್ಟಿಗೆ ಕೂಗಿದರು. ಡುಮ್ಮಿ ಪ್ರತಿ ಸಲವೂ ಎಲ್ಲರಿಗೂ ವಿರುದ್ಧ. ವಕೀಲೆ ಅವಳಿಗೆ ಪಾಟೀಸವಾಲು ಹಾಕಿದಳು. ಕೊನೆಗೆ ನಂಬರು ಸಿಕ್ಕಿತು. ಸಿಕ್ಕಿತೆಂದು ಹೇಗೆ ತಿಳಿಯಿತೆಂದರೆ ಯಾರೂ ಚೆನ್ನಾಗಿದೆ ಎನ್ನಲಿಲ್ಲ, ಬಟ್ಟಲು ಮಾತ್ರ ಖಾಲಿಯಾಯಿತು. ಟೀಚರ್ ತಳವನ್ನು ಬೆರಳಿನಿಂದ ಬಳಿದು ತಿಂದಳು. ಹೋಗುವಾಗ ಬಾಗಿಲಲ್ಲಿ, ಕೈ ಅದೇ ಇದೆ ಬಿಡು ಎಂದು ನನ್ನ ಅಂಗೈ ಒತ್ತಿ ಹೋದಳು. ಅಷ್ಟು ಸಾಕಿತ್ತು ನನಗೆ.

ಅತ್ತೆ, ನಿನ್ನ ಅತಿಥಿಗಳ ಕೆಲಸ ಮುಗಿಯಿತಲ್ಲ, ಬುಧವಾರ ಹೊರಡುತ್ತೇನೆ ಎಂದರು. ಅದು ಹೇಗೆ ಸಾಧ್ಯ? ಬೆಳ್ಳುಳ್ಳಿ ಒಂದು ಗಂಟೆಗೆ ಎಷ್ಟು ಜೋರಾಗುತ್ತದೆ, ಎರಡು ಗಂಟೆಗೆ ಎಷ್ಟು, ನಿಂಬೆರಸ ಮೊದಲೇ ಹಿಂಡಿದರೆ ಅದು ಸುಮ್ಮನಾಗುತ್ತದೆಯೇ, ಇದನ್ನೆಲ್ಲ ನೋಡುವವರು ಯಾರು? ನಾಲಿಗೆ ವಾಸಿಯಾಗುವವರೆಗೂ ಎಲ್ಲಿಗೂ ಹೋಗುವ ಹಾಗಿಲ್ಲ ಎಂದೆ. ಗೊಣಗಿದರು. ಸೂಟ್‌ಕೇಸನ್ನು ನಾನೇ ಅಟ್ಟದ ಮೇಲೆ ಹಾಕಿಸಿದ್ದೇನೆ.

ನಿಂಬೆ, ಲವಂಗ, ಕಾಫಿ ಮೂಸಿ ಎಷ್ಟೋ ದಿನವಾಯಿತು. ಆ ಡಾಕ್ಟರಿಗೆ ಏನು ತೋರಿಸುವುದೋ. ನಾಳೆಯಿಂದ ಮತ್ತೆ ಶುರುಮಾಡಬೇಕು.

ಇನ್ನೂ ಬರೆಯುವುದಿತ್ತು. ಆದರೆ ಅತ್ತೆ ಪಕ್ಕದಲ್ಲೇ ಕೂತು ಮಂಡಿಗೆ ಎಣ್ಣೆ ಉಜ್ಜಲು ಶುರುಮಾಡಿದ್ದಾರೆ, ಕೂತಲ್ಲಿ ಕೂರಲಾಗುತ್ತಿಲ್ಲ. ಇವರು ಅದನ್ನು ಸುಟ್ಟ ರಬ್ಬರ್ ಎಂದಿದ್ದರು. ಇವರಿಗೇನು ಗೊತ್ತು. ಒದ್ದೆ ಗೋಣಿಚೀಲಕ್ಕೆ ಕರ್ಪೂರ ಸುರಿದ ಹಾಗೆ ಗಪ್ಪೆಂದು ಹೊಡೆಯುತ್ತಿದೆ. ಏಳುತ್ತೇನೆ, ಕಿಟಕಿ ತೆಗೆಯಬೇಕು.